ಅಪ್ಪನ ಕಂಪ್ಯೂಟರಿಗೆ ಒಂದು ಬಿಸಿಲು

ಜನವರಿ ತಿಂಗಳ ಮೂರನೇ ಶನಿವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ತಿಪಟೂರಿನ ನಮ್ಮ ಡಿಟಿಪಿ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಅಪ್ಪ ಒಂದು ಗೋಣಿಚೀಲ ಹಾಸಿ, ಅದರ ಮೇಲೆ ಕಂಪ್ಯೂಟರಿನ ಡಬ್ಬವನ್ನು ಮಲಗಿಸಿದ್ದ. ಒಂದು ಕಡೆಯ ತಗಡು ಬಿಚ್ಚಿ ಒಳಗಿನ ತಂತಿಗಳಿಗೆಲ್ಲ ಬಿಸಿಲು ಬೀಳುವಂತೆ ತಿರುಗಿಸಿದ್ದ. ತಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಾಫಿ ಕುಡಿಯುತ್ತಿದ್ದ.

ಪಕ್ಕದಂಗಡಿಯ ಟೈಲರ್ ಆಗ ತಾನೇ ಷಟರ್ ಎತ್ತುತ್ತಿದ್ದರು. ಅಪ್ಪನಿಗಿಂತ ಚಿಕ್ಕವರು, ಅಪ್ಪನನ್ನು ಅಣ್ಣ ಎನ್ನುವವರು.

"ಏನಣ್ಣಾ, ಇವತ್ತೂ ಒಣಗಾಕಿದ್ದೀಯಾ? ಮನೆ ಸಂಡಿಗೇನೂ ಇಲ್ಲೇ ತಂದು ಹಾಕ್ಬುಡು, ಕಾಗೆ ಕಾಯಕ್ಕೆ ಒಬ್ನೇ ಸಾಕು."

"ನಗು, ನಗು. ನಿನ್ ಮಿಷನ್ನಿಗೆ ನೀನು ಎಣ್ಣೆ ಬುಡಲ್ವಾ? ಇದಕ್ಕೆ ಬಿಸ್ಲು. ಒಂದು ಬಿಸ್ಲು ಕಂಡ್ರೆ ತಾನಾಗೇ ಎದ್ದೇಳ್ತದೆ."

'ಒಂದು ಬಿಸಿಲು ಕಾಣಿಸು' ಎನ್ನುವುದು ನಮ್ಮ ಕಡೆ ಕೊಬ್ಬರಿಗೆ ಹೇಳುವ ಮಾತು. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಸುಲಿದು, ಚಿಪ್ಪು ಬಿಡಿಸಿ ಉಂಡೆ ಕೊಬ್ಬರಿ ತೆಗೆದ ಮೇಲೂ ಮಾರುಕಟ್ಟೆಗೆ ಹಾಕುವ ಮುಂಚೆ ಅಂಗಳದಲ್ಲಿ ಹರಡಿ ಒಂದು ಬಿಸಿಲು ಕಾಣಿಸುತ್ತಾರೆ. ಥಂಡಿ ಉಳಿದಿದ್ದರೆ ಕೊಬ್ಬರಿ ಕೌಟಾಗುತ್ತದೆ, ವಾಸನೆ ಬರುತ್ತದೆ. ತೆಂಗಿನ ತೋಟದ ಮನೆಯಲ್ಲಿ ಹುಟ್ಟಿದ ಅಪ್ಪನ ಲೆಕ್ಕದಲ್ಲಿ, ಚಳಿಗಾಲದಲ್ಲಿ ಕೆಟ್ಟು ಕೂರುವ ಯಾವುದಕ್ಕಾದರೂ ಥಂಡಿಯೇ ಕಾರಣ. ಕಂಪ್ಯೂಟರಿಗೂ ಅದೇ ವೈದ್ಯ.

ತಮಾಷೆಯೆಂದರೆ ಆ ವೈದ್ಯ ಕೆಲಸ ಮಾಡುತ್ತಿತ್ತು. ಬೆಳಿಗ್ಗೆ ಬಂದು ಗುಂಡಿ ಒತ್ತಿದರೆ ಫ್ಯಾನು ಒಂದು ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಬಿಸಿಲಿನಲ್ಲಿ ಇಟ್ಟು ಒಳಗೆ ತಂದು ಒತ್ತಿದರೆ ಏನೂ ಆಗಿಲ್ಲದವರ ಹಾಗೆ ಎದ್ದು ಸಂಜೆವರೆಗೂ ನಡೆಯುತ್ತಿತ್ತು. ಡಿಸೆಂಬರಿನಲ್ಲಿ ಇದು ವಾರಕ್ಕೊಮ್ಮೆ ಆಗುತ್ತಿತ್ತು. ಜನವರಿಯಲ್ಲಿ ದಿನವೂ ಆಯಿತು. ಆ ಶನಿವಾರ ಬಿಸಿಲಿಗೂ ಅದು ಬಗ್ಗಲಿಲ್ಲ. ಹತ್ತೂವರೆಗೆ ಒಳಗೆ ತಂದು ಒತ್ತಿದರೆ ಫ್ಯಾನು ಮಿಸುಕಿ ಸುಮ್ಮನಾಯಿತು. ಮತ್ತೆ ಹೊರಗೆ ಇಟ್ಟೆವು, ಮತ್ತೆ ತಂದೆವು. ಅದೇ ಕಥೆ.

ಬೇರೆ ಕಂಪ್ಯೂಟರ್ ತಗೊಳ್ಳಬಾರದೇ ಎಂದು ಯಾರಾದರೂ ಕೇಳುತ್ತಾರೆ. ಅದಕ್ಕೆ ಇಲ್ಲಿ ಒಂದು ಮಾತು ಹೇಳಬೇಕು. ಅಪ್ಪ ಮದುವೆ, ಗೃಹಪ್ರವೇಶ, ನಾಮಕರಣದ ಕಾರ್ಡುಗಳನ್ನು ಜೋಡಿಸುವುದು ಒಂದು ಹಳೆಯ ಕನ್ನಡ ಸಾಫ್ಟ್‌ವೇರಿನಲ್ಲಿ. ಅದಕ್ಕೊಂದು ಬೀಗವಿದೆ. ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು, ಹಳೆಯ ಕಾಲದ ಪ್ರಿಂಟರಿನ ಅಗಲ ಸಾಕೆಟ್ಟಿಗೆ ಕಚ್ಚಿಕೊಂಡಿರುತ್ತದೆ. ಬೀಗ ಇದ್ದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತದೆ. ಅದನ್ನು ಮಾಡಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು. ಈಗಿನ ಕಂಪ್ಯೂಟರುಗಳಲ್ಲಿ ಆ ಸಾಕೆಟ್ಟೇ ಇಲ್ಲ. ಹುಡುಕಿ ಹುಡುಕಿ ತಂದ ಇನ್ನೊಂದು ಹಳೆಯ ಕಂಪ್ಯೂಟರಿನಲ್ಲಿ ಸಾಕೆಟ್ ಇತ್ತು, ಆದರೆ ಸಾಫ್ಟ್‌ವೇರು ಬೀಗವನ್ನು ಗುರುತಿಸಲಿಲ್ಲ, ಅದನ್ನು ವಾಪಸ್ ಕೊಟ್ಟೆವು. ಹಾಗಾಗಿ ಅಪ್ಪನ ಕೆಲಸವೆಲ್ಲ ನಿಂತಿರುವುದು ಈ ಒಂದೇ ಡಬ್ಬದ ಮದರ್‌ಬೋರ್ಡಿನ ಮೇಲೆ.

ಹೊಸ ರೀತಿಯ ಟೈಪಿಂಗ್ ಕಲಿಸಲು ನಾನು ನೋಡಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಕೂರಿಸಿ ಅಕ್ಷರಗಳ ಜಾಗ ತೋರಿಸಿದ್ದೆ. ಅಪ್ಪನ ಬೆರಳುಗಳು ಬೇರೆ ಜಾಗಗಳನ್ನು ಬಲ್ಲವು. ತನ್ನ ಕಂಪ್ಯೂಟರಿನಲ್ಲಿ ಅಪ್ಪ ಕೀಲಿಮಣೆ ನೋಡುವುದೇ ಇಲ್ಲ. ಗಿರಾಕಿ ಬರೆದುಕೊಂಡು ಬಂದ ಚೀಟಿಯ ಮೇಲೆ ಕಣ್ಣು, ಬಾಯಲ್ಲಿ ಗಿರಾಕಿಯ ಜೊತೆ ಮಾತು, ಕೈ ಮಾತ್ರ ತನ್ನ ಪಾಡಿಗೆ ಒತ್ತಕ್ಷರ, ಅರ್ಕಾವತ್ತು, ದೀರ್ಘ ಹಾಕಿಕೊಂಡು ಹೋಗುತ್ತಿರುತ್ತದೆ. ಲ್ಯಾಪ್‌ಟಾಪಿನಲ್ಲಿ 'ಶ್ರೀ' ಬರೆಯಲು ಹೋಗಿ ಮೂರು ಸಲ ತಪ್ಪಿದ. ನಾಲ್ಕನೇ ಸಲ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಬೇರೇರ ಚಪ್ಲಿ ಹಾಕ್ಕಂಡು ನಡ್ದಂಗೆ ಆಯ್ತದೆ ಕಣೇ" ಎಂದ. ಮತ್ತೆ ಆ ಪಾಠ ನಡೆಯಲಿಲ್ಲ.

ಶನಿವಾರ ಮಧ್ಯಾಹ್ನ ಅಪ್ಪ ಇನ್ನೊಂದು ವಿಷಯ ಹೇಳಿದ. ಮೊಬೈಲ್ ಕವರ್ ಮಾರುವ ಒಬ್ಬಾತ ನಮ್ಮ ಅಂಗಡಿಯ ಜಾಗ ಕೇಳುತ್ತಿದ್ದಾನೆ, ಕಟ್ಟಡದವರಿಗೂ ಒಪ್ಪಿಗೆ ಇದೆ, ಅಪ್ಪ ಬಿಟ್ಟುಕೊಡುತ್ತಾನೋ ಇಲ್ಲವೋ ಸೋಮವಾರ ಮಧ್ಯಾಹ್ನದೊಳಗೆ ಹೇಳಬೇಕು.

"ರಿಪೇರಿ ಭಾಯ್ ಬೋರ್ಡೇ ವೀಕು ಅಂದವ್ರೆ. ಬೋರ್ಡ್ ಹೋಗಿದ್ರೆ ಇನ್ನೇನು, ಬಾಗ್ಲು ಹಾಕದು. ತೋಟ ಐತೆ, ತೆಂಗೈತೆ, ಉಪವಾಸವಂತೂ ಬೀಳಲ್ಲ ಬುಡು" ಎಂದ. ದನಿಯಲ್ಲಿ ದುಃಖವೇನೂ ಇರಲಿಲ್ಲ. ಆದರೆ ಮಾತಾಡುವಾಗ ಒಂದು ಕೈಯ ಬೆರಳುಗಳು ಮೇಜಿನ ಅಂಚಿನ ಮೇಲೆ ಏನನ್ನೋ ಟೈಪ್ ಮಾಡುತ್ತಿದ್ದವು.

ನಾನು ಆಗ ಡಿಪ್ಲೊಮಾದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೆ. ಪರೀಕ್ಷೆಯ ಗಡಿಬಿಡಿಯಲ್ಲಿ ಇಷ್ಟು ದಿನ ಈ ಕಡೆ ತಲೆ ಹಾಕಿರಲಿಲ್ಲ. ಅಳೆಯದೆ ಯಾವುದನ್ನೂ ಸತ್ತಿದೆ ಎಂದು ಒಪ್ಪುವವಳು ನಾನಲ್ಲ. ಮನೆಯಿಂದ ನನ್ನ ಹಳದಿ ಮಲ್ಟಿಮೀಟರ್ ತಂದೆ. ಮೊದಲು ಒಂದೂವರೆ ವೋಲ್ಟಿನ ಹೊಸ ಪೆನ್‌ಸೆಲ್ ಒಂದನ್ನು ಅಳೆದು ಮೀಟರ್ ನಂಬಿಕಸ್ಥನೇ ಎಂದು ನೋಡಿಕೊಂಡೆ. 1.58 ತೋರಿಸಿತು. ಸರಿ.

ಕಂಪ್ಯೂಟರಿನೊಳಗೆ ಎಸ್‌ಎಂಪಿಎಸ್ ಎನ್ನುವ ತಗಡಿನ ಡಬ್ಬಿ ಇರುತ್ತದೆ. ಗೋಡೆಯಿಂದ ಬರುವ ಕರೆಂಟನ್ನು ಇಳಿಸಿ, ಸಣ್ಣ ಸಣ್ಣ ವೋಲ್ಟುಗಳಾಗಿ ಮಾಡಿ, ಬಣ್ಣಬಣ್ಣದ ತಂತಿಗಳಲ್ಲಿ ಬೋರ್ಡಿಗೆ ಕೊಡುವುದು ಅದರ ಕೆಲಸ. ಹಳದಿ ತಂತಿಯಲ್ಲಿ ಹನ್ನೆರಡು ವೋಲ್ಟ್, ಕೆಂಪಿನಲ್ಲಿ ಐದು, ಕಿತ್ತಳೆಯಲ್ಲಿ ಮೂರೂಕಾಲು ಚಿಲ್ಲರೆ. ನೇರಳೆ ತಂತಿಯಲ್ಲಿ ಇನ್ನೊಂದು ಐದು ವೋಲ್ಟ್ ಇರುತ್ತದೆ. ಅದು ಕಾವಲುಗಾರನಿದ್ದ ಹಾಗೆ. ಕಂಪ್ಯೂಟರ್ ಆಫ್ ಆಗಿದ್ದರೂ ಗೋಡೆಯ ಸ್ವಿಚ್ ಹಾಕಿದ್ದರೆ ಸಾಕು, ಎಚ್ಚರವಿರುತ್ತದೆ. ಗುಂಡಿ ಒತ್ತಿದ್ದು ಬೋರ್ಡಿಗೆ ತಿಳಿಯುವುದೇ ಆ ಐದು ವೋಲ್ಟಿನ ಬಲದಿಂದ. ಕಪ್ಪು ತಂತಿಗಳೆಲ್ಲ ಸೊನ್ನೆ. ಮೀಟರಿನ ಕಪ್ಪು ಕಡ್ಡಿಯನ್ನು ಅಲ್ಲಿಟ್ಟು, ಕೆಂಪು ಕಡ್ಡಿಯನ್ನು ಉಳಿದವುಗಳ ಮೇಲೆ ಇಟ್ಟು ನೋಡಬೇಕು. ಹೇಳಿದ ಅಂಕಿಗಿಂತ ನೂರಕ್ಕೆ ಐದರಷ್ಟು ಹೆಚ್ಚುಕಮ್ಮಿ ಇದ್ದರೆ ತಪ್ಪಿಲ್ಲ. ಅಂದರೆ ಹನ್ನೆರಡು 11.4ಕ್ಕಿಂತ ಕೆಳಗೆ ಇಳಿಯಬಾರದು, ಐದು ನಾಲ್ಕೂಮುಕ್ಕಾಲಿಗಿಂತ ಕೆಳಗೆ ಹೋಗಬಾರದು.

ಗೋಡೆಯ ಸ್ವಿಚ್ ಆಫ್ ಮಾಡಿ ಎಸ್‌ಎಂಪಿಎಸ್‌ನ ಎಲ್ಲ ಪ್ಲಗ್ಗುಗಳನ್ನೂ ಬೋರ್ಡಿನಿಂದ ಬಿಚ್ಚಿದೆ. ಡಬ್ಬಿಯ ಮುಚ್ಚಳ ಮಾತ್ರ ತೆಗೆಯಲಿಲ್ಲ. ಕರೆಂಟ್ ಕಿತ್ತ ಮೇಲೂ ಅದರೊಳಗೆ ಹೊಡೆಯುವಷ್ಟು ಚಾರ್ಜ್ ಉಳಿದಿರುತ್ತದೆ, ಗೊತ್ತಿಲ್ಲದವರು ಅದಕ್ಕೆ ಕೈ ಹಾಕಲೇಬಾರದು. ಬೋರ್ಡ್ ಇಲ್ಲದೆ ಎಸ್‌ಎಂಪಿಎಸ್ ತಾನಾಗಿ ಏಳುವುದಿಲ್ಲ. ಅದರ ಹಸಿರು ತಂತಿಯನ್ನು ಕಪ್ಪಿಗೆ ಮುಟ್ಟಿಸಿ ಏಳು ಎಂದು ಹೇಳಬೇಕು. ಕಾರ್ಡಿನ ಕಂತೆಯೊಂದರಿಂದ ಜೆಮ್ ಕ್ಲಿಪ್ ತೆಗೆದು ಬಿಡಿಸಿ, ಎರಡೂ ತೂತಿಗೆ ಸಿಕ್ಕಿಸಿ, ಆಮೇಲೆ ಸ್ವಿಚ್ ಹಾಕಿದೆ.

"ಲೇ, ಎಲ್ಲಾರ ಹೊಡ್ದುಗಿಡ್ದೀತು" ಎಂದು ಅಪ್ಪ ರಬ್ಬರ್ ಚಪ್ಪಲಿ ತಂದು ನನ್ನ ಕಾಲಿನ ಹತ್ತಿರ ಇಟ್ಟ. ಹಾಕಿಕೊಂಡೆ.

ಫ್ಯಾನು ತಿರುಗಿತು. ಹಳದಿ 12.14. ಕೆಂಪು 5.09. ಕಿತ್ತಳೆ 3.35. ನೇರಳೆ 5.03. ಒಂದೊಂದನ್ನೂ ಮೂರು ಸಲ ಅಳೆಯುವುದು ನನ್ನ ಪದ್ಧತಿ. ಮೂರು ಸಲವೂ ಅಷ್ಟೇ ಬಂತು. ಅಂಚಿನ ಹತ್ತಿರವೂ ಸುಳಿಯದ ಅಂಕಿಗಳು. ಹೊಸ ಎಸ್‌ಎಂಪಿಎಸ್ ಕೂಡ ಇದಕ್ಕಿಂತ ಚೆನ್ನಾಗಿ ತೋರಿಸಲಿಕ್ಕಿಲ್ಲ.

"ಏನಂತದೆ ನಿನ್ ಮೀಟ್ರು?"

"ಎಸ್‌ಎಂಪಿಎಸ್ ಪಾಸು, ಅಪ್ಪ."

ಅಂದ ಮೇಲೆ ನಾನು ಏನು ಹೇಳಿದೆ ಎಂಬುದು ನನಗೇ ಹೊಳೆಯಿತು. ಇದು ಪಾಸಾದರೆ ಫೇಲಾಗಿರುವುದು ಬೋರ್ಡು. ಬೋರ್ಡು ಫೇಲಾದರೆ ಅಂಗಡಿಯೇ ಇಲ್ಲ. ಅಪ್ಪನಿಗೂ ಅರ್ಥವಾಗಿತ್ತು. ಬಿಚ್ಚಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಹೆಕ್ಕಿ ಲೋಟದೊಳಗೆ ಹಾಕಿ, "ಆಯ್ತು ಬುಡು. ಊಟಕ್ಕೆ ಹೋಗಣ" ಎಂದ.

ಭಾನುವಾರ ಇಬ್ಬರೂ ಹಂದನಕೆರೆ ಕಡೆ ಇರುವ ನಮ್ಮ ತೋಟಕ್ಕೆ ಹೋದೆವು. ಸಸಿಗಳಿಗೆ ನೀರು ಹಾಯಿಸುವ ಪಾಳಿ ಅಂದು ನಮ್ಮದು. ಬೆಳಿಗ್ಗೆ ತ್ರೀಫೇಸ್ ಬಂದ ಕೂಡಲೇ ಸುತ್ತಲ ತೋಟದವರೆಲ್ಲ ಒಟ್ಟಿಗೆ ಮೋಟರ್ ಹಾಕುತ್ತಾರೆ. ಪಂಪ್‌ಹೌಸಿನ ಗೋಡೆಯ ಮೇಲಿರುವ ಸ್ಟಾರ್ಟರ್ ಡಬ್ಬಿಯಲ್ಲಿ ಮುಳ್ಳಿನ ಮೀಟರ್ ಒಂದಿದೆ. ನಾನು ಕಾಲುವೆಯ ಹತ್ತಿರ ನಿಂತಿದ್ದೆ, ಅಪ್ಪ ಒಳಗಿದ್ದ.

"ಎಷ್ಟು ತೋರಿಸ್ತೈತೆ ಅಪ್ಪ?"

"ನಾನೂರರ ಮೇಲೇ ಐತೆ. ಜೋರಾಗೈತೆ."

ಹಸಿರು ಗುಂಡಿ ಒತ್ತಿದ ಸದ್ದು ಕೇಳಿತು. ಮೋಟರ್ ಗುಂಯ್ ಎಂದು ನರಳಿತು, ಟಪ್ ಎಂದು ಸ್ಟಾರ್ಟರ್ ಬಿದ್ದು ತಾನಾಗಿ ಆಫಾಯಿತು. ಕಾಲುವೆಗೆ ಒಂದು ಹನಿಯೂ ಬರಲಿಲ್ಲ.

"ಜೋರಾಗೈತೆ ಅಂದೆ?"

"ಸುಮ್ನೆ ನಿಂತಿರೋವಾಗ ನಾನೂರೇ ಕಣೇ. ಎಳಿ ಅಂದ್ರೆ ಮುನ್ನೂರಕ್ಕೆ ಬೀಳ್ತದೆ. ಪಕ್ಕದ ತೋಟದೋರು ಮೋಟ್ರು ನಿಲ್ಲಿಸ್ಲಿ, ಆಮೇಲೆ ಹಾಕಣ."

ಇದು ನಾನು ಚಿಕ್ಕಂದಿನಿಂದ ನೋಡಿದ ವಿಷಯ. ನಮ್ಮ ಕಡೆ ಯಾರೂ ಮೋಟರ್ ಹಾಕದೆ ವೋಲ್ಟೇಜ್ ನೋಡಿ ಕರೆಂಟ್ ಚೆನ್ನಾಗಿದೆ ಎನ್ನುವುದಿಲ್ಲ. ಕೆಲಸ ಕೊಟ್ಟಾಗ ಮುಳ್ಳು ಎಲ್ಲಿ ನಿಲ್ಲುತ್ತದೋ ಅದೇ ನಿಜವಾದ ವೋಲ್ಟೇಜ್. ಅಷ್ಟು ಗೊತ್ತಿದ್ದೂ ನಾನು ಹಿಂದಿನ ದಿನ ಮಾಡಿದ್ದೇನು? ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ಅದರದೇ ಫ್ಯಾನಿನ ಹೊರತು ಬೇರೆ ಯಾವ ಕೆಲಸವನ್ನೂ ಕೊಡದೆ, ಸುಮ್ಮನೆ ನಿಂತಿದ್ದ ಎಸ್‌ಎಂಪಿಎಸ್‌ಗೆ ಪಾಸು ಕೊಟ್ಟಿದ್ದೆ.

"ಅಪ್ಪಾ! ಎಸ್‌ಎಂಪಿಎಸ್‌ನ ನಾನು ಮೋಟ್ರು ಬಿಚ್ಚಿಟ್ಟು ನೋಡಿದೀನಿ!"

ಅಪ್ಪ ಪಂಪ್‌ಹೌಸಿನಿಂದ ತಲೆ ಹೊರಗೆ ಹಾಕಿದ. "ಕಂಪ್ಯೂಟ್ರಲ್ಲಿ ಎಲ್ಲೈತೆ ಮೋಟ್ರು?"

"ಬೋರ್ಡೇ ಮೋಟ್ರು. ಅದನ್ನ ಸಿಕ್ಕಿಸಿ, ಗುಂಡಿ ಒತ್ತಿ, ಆಗ ಅಳೀಬೇಕಿತ್ತು. ಅದು ಪಾಸೂ ಅಲ್ಲ, ಫೇಲೂ ಅಲ್ಲ. ಪರೀಕ್ಷೆಗೇ ಕೂತಿಲ್ಲ."

ಅಪ್ಪ ಹೊರಗೆ ಬಂದು ಕಾಲುವೆಯ ದಂಡೆಯ ಮೇಲೆ ಕೂತ. "ನಾಳೆ ಮಧ್ಯಾಹ್ನಕ್ಕೆ ಆ ಹುಡುಗಂಗೆ ಹೇಳ್ಬೇಕು" ಎಂದ.

"ನಾಳೆ ಬೆಳಿಗ್ಗೇನೇ ನೋಡ್ತೀನಿ. ಒಂದು ಮಾತು, ನಾಳೆ ಬಿಸ್ಲಿಗೆ ಇಡಂಗಿಲ್ಲ."

"ಯಾಕೆ?"

"ರೋಗ ಇರೋವಾಗ್ಲೇ ನೋಡ್ಬೇಕು."

ಸೋಮವಾರ ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಅಂಗಡಿ ತೆರೆದೆವು. ಚಳಿ ಇತ್ತು, ಕಟ್ಟೆಯ ಮೇಲೆ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಪ್ಲಗ್ಗುಗಳನ್ನೆಲ್ಲ ಮತ್ತೆ ಬೋರ್ಡಿಗೆ ಸಿಕ್ಕಿಸಿದೆ. ಈಗ ಅಳೆಯಬೇಕಾದದ್ದು ಪ್ಲಗ್ಗಿನ ಬೆನ್ನ ಕಡೆಯಿಂದ, ತಂತಿ ಒಳಗೆ ಹೋಗುವ ಸಂದಿಯಲ್ಲಿ. ನನ್ನ ಮೀಟರಿನ ಕಡ್ಡಿ ಆ ಸಂದಿಗೆ ದಪ್ಪವಾಯಿತು. ಟೈಲರನ್ನು ಎರಡು ಗುಂಡುಸೂಜಿ ಕೇಳಿದೆ.

"ಯಾತಕ್ಕಮ್ಮ? ಕಂಪ್ಯೂಟ್ರಿಗೆ ಗುಂಡಿ ಹೊಲೀತೀಯಾ?"

"ಲೋಡ್ ಮೇಲೆ ನೋಡ್ಬೇಕಿತ್ತು ಅಂಕಲ್."

"ಯಾವ ಲೋಡು? ಕಾಯಿ ಲೋಡಾ, ಕೊಬ್ರಿ ಲೋಡಾ?"

ನಮ್ಮೂರಲ್ಲಿ ಲೋಡ್ ಎಂದರೆ ಲಾರಿ. ನಾನು ನಗುತ್ತಲೇ ವಿವರಿಸಿದೆ. ಎಸ್‌ಎಂಪಿಎಸ್‌ನಿಂದ ಕರೆಂಟ್ ಎಳೆದುಕೊಳ್ಳುವ ಬೋರ್ಡು, ಡಿಸ್ಕು, ಫ್ಯಾನು ಎಲ್ಲ ಸೇರಿ ಅದರ ಲೋಡು. ಅವರು ಗುಂಡುಸೂಜಿ ಕೊಡುತ್ತಾ, "ಹಂಗನ್ನು ಮತ್ತೆ. ಖಾಲಿ ಲಾರಿ ಯಾವ ಏರಾದ್ರೂ ಹತ್ತುತ್ತೆ. ಲೋಡ್ ಹಾಕ್ದಾಗ ತಾನೇ ಇಂಜಿನ್ ಬಣ್ಣ ಬಯಲಾಗದು" ಎಂದು ತಾವೂ ಬಂದು ನಿಂತರು.

ಗುಂಡುಸೂಜಿಗಳ ತಲೆ, ತುದಿ ಮಾತ್ರ ಬಿಟ್ಟು ಉಳಿದದ್ದಕ್ಕೆ ಇನ್ಸುಲೇಷನ್ ಟೇಪ್ ಸುತ್ತಿದೆ, ಒಂದಕ್ಕೊಂದು ತಗುಲದಂತೆ. ಒಂದನ್ನು ಕಪ್ಪು ತಂತಿಯ ಸಂದಿಗೆ, ಒಂದನ್ನು ನೇರಳೆಯ ಸಂದಿಗೆ ಇಳಿಸಿ, ಮೀಟರಿಗೆ ಕಚ್ಚಿಸಿದೆ. ಗೋಡೆಯ ಸ್ವಿಚ್ ಹಾಕಿದೆ.

4.31.

ಶನಿವಾರ 5.03 ತೋರಿಸಿದ್ದ ಅದೇ ನೇರಳೆ ತಂತಿ. ಇನ್ನೂ ಗುಂಡಿಯನ್ನೇ ಒತ್ತಿರಲಿಲ್ಲ. ಕಾವಲುಗಾರನೇ ತೂಕಡಿಸುತ್ತಿದ್ದ. ಸ್ವಿಚ್ ಆರಿಸಿ, ಸೂಜಿಯನ್ನು ಹಳದಿಗೆ ಬದಲಿಸಿ, ಮತ್ತೆ ಹಾಕಿ, ಅಪ್ಪನಿಗೆ ಗುಂಡಿ ಒತ್ತಲು ಹೇಳಿದೆ. ಫ್ಯಾನು ಮಿಸುಕಿತು. ಮೀಟರಿನಲ್ಲಿ ಅಂಕಿ ಹತ್ತರ ಆಸುಪಾಸಿಗೆ ಏರಿ, ಹನ್ನೆರಡರ ಮುಖ ನೋಡದೆ ಕುಸಿದು ಸೊನ್ನೆಯಾಯಿತು. ಮೂರು ಸಲ ಒತ್ತಿಸಿದೆ. ಒಮ್ಮೆ 10.4, ಒಮ್ಮೆ 10.2, ಒಮ್ಮೆ 10.4.

"ಸ್ಟಾರ್ಟ್ರು ಬೀಳ್ತದಲ್ಲ, ಹಂಗೇ" ಎಂದ ಅಪ್ಪ.

"ಹಂಗೇ."

ಆದರೂ ಇದರಿಂದ ಬೋರ್ಡು ಬದುಕಿದೆ ಎಂದು ಹೇಳುವಂತಿರಲಿಲ್ಲ. ಕೆಟ್ಟ ಬೋರ್ಡೇ ಒಳಗೆಲ್ಲೋ ಶಾರ್ಟಾಗಿ ಎಸ್‌ಎಂಪಿಎಸ್ಸನ್ನು ಕೆಳಗೆ ಎಳೆಯುತ್ತಿರಬಹುದು. ಬೀಳುತ್ತಿರುವವನು ಕುಂಟನೋ, ಅವನ ತಲೆಯ ಮೇಲಿನ ಹೊರೆಯೇ ಅತಿಯೋ ಎಂದು ತಿಳಿಯಬೇಕಾದರೆ ಅದೇ ಹೊರೆಯನ್ನು ಗಟ್ಟಿ ಆಳೊಬ್ಬನ ತಲೆಗೆ ಹೊರಿಸಿ ನೋಡಬೇಕು. ಅಪ್ಪ ರಿಪೇರಿ ಅಂಗಡಿಗೆ ಫೋನ್ ಮಾಡಿದ. ಹತ್ತು ಗಂಟೆಗೆ ಭಾಯ್ ತಮ್ಮ ಅಂಗಡಿಯ ಕಂಪ್ಯೂಟರಿನಿಂದಲೇ ಬಿಚ್ಚಿದ ಎಸ್‌ಎಂಪಿಎಸ್ ಹಿಡಿದುಕೊಂಡು ಬಂದರು. ಅಷ್ಟು ಹೊತ್ತಿಗೆ ಕಟ್ಟೆಯ ಮೇಲೆ ಬಿಸಿಲು ಬಂದಿತ್ತು. ಅಪ್ಪ ಎರಡು ಸಲ ಬಿಸಿಲನ್ನೂ ಡಬ್ಬವನ್ನೂ ನೋಡಿದ, ಆದರೆ ಮುಟ್ಟಲಿಲ್ಲ.

ನಾನು ಅಂಕಿಗಳನ್ನು ತೋರಿಸಿದೆ. ಭಾಯ್ ಗಡ್ಡ ಕೆರೆದುಕೊಂಡರು.

"ನನ್ನ ಹತ್ರ ಎರಡು ಸಲ ತಂದಿದ್ರಮ್ಮ ಇವ್ರು. ಎರಡು ಸಲಾನೂ ಒತ್ತಿದ ತಕ್ಷಣ ಆನ್ ಆಯ್ತು. ಎಸ್‌ಎಂಪಿಎಸ್ ಹೋಗಿದ್ರೆ ಹೆಂಗೆ ಆನ್ ಆಗುತ್ತೆ? ಅದಕ್ಕೇ ಬೋರ್ಡಲ್ಲಿ ಎಲ್ಲೋ ಲೂಸ್ ಐತೆ ಅಂದಿದ್ದು."

"ಎಷ್ಟೊತ್ತಿಗೆ ತಂದಿದ್ದು ಭಾಯ್?"

"ಮಧ್ಯಾಹ್ನ. ಗಾಡಿ ಮುಂದ್ಗಡೆ ಇಟ್ಕೊಂಡು..." ಎಂದವರು ನಿಲ್ಲಿಸಿ, ಅಪ್ಪನ ಕಡೆ ತಿರುಗಿ, ಜೋರಾಗಿ ನಕ್ಕರು. "ಯಾ ಅಲ್ಲಾ! ನನ್ನ ಹತ್ರ ತರೋಕ್ ಮುಂಚೇನೇ ಬಿಸ್ಲು ತೋರ್ಸ್ಕೊಂಡು ತರ್ತಿದ್ರಲ್ಲ ಅಣ್ಣಾ. ಡಾಕ್ಟ್ರ ಹತ್ರ ಹೋಗೋವಾಗ ಜ್ವರದ ಮಾತ್ರೆ ನುಂಗ್ಕೊಂಡು ಹೋದಂಗೆ!"

"ನಂಗೇನ್ ಗೊತ್ತು? ಥಂಡಿ ಹಿಡ್ದೈತೆ ಅನ್ಕಂಡಿದ್ದೆ" ಎಂದ ಅಪ್ಪ. ಟೈಲರ್ ಸೇರಿಸಿದರು, "ಕೌಟಾಗದೆ ಉಳ್ಕಂಡೈತಲ್ಲ, ಅದೇ ದೊಡ್ದು."

ಸ್ವಿಚ್ ಆರಿಸಿ, ವೈರ್ ಕಿತ್ತು, ಭಾಯ್ ತಂದದ್ದನ್ನು ಹಳೆಯದರ ಪಕ್ಕದಲ್ಲೇ ಇಟ್ಟು ಪ್ಲಗ್ಗುಗಳನ್ನು ಬದಲಾಯಿಸಿದೆವು. ಗುಂಡುಸೂಜಿಯನ್ನು ನೇರಳೆಗೆ ಇಳಿಸಿ ಗೋಡೆಯ ಸ್ವಿಚ್ ಹಾಕಿದೆ. 5.06. ಅದೇ ಬೋರ್ಡು, ಅಂಗಡಿಯೊಳಗಿನ ಅದೇ ಚಳಿ, ಅದೇ ಮೀಟರು. ಹೊರೆ ಅತಿಯಾಗಿರಲಿಲ್ಲ. ಅಲ್ಲಿಗೇ ನನಗೆ ಉತ್ತರ ಗೊತ್ತಾಗಿತ್ತು. ಆದರೆ ಅಪ್ಪನ ಮುಖ ಇನ್ನೂ ಗಟ್ಟಿಯಾಗಿಯೇ ಇತ್ತು, ಅಪ್ಪನಿಗೆ ಅಂಕಿಯಿಂದ ಆಗುವುದೇನೂ ಇರಲಿಲ್ಲ.

"ಒತ್ತು ಅಪ್ಪ."

ಫ್ಯಾನು ತಿರುಗಿತು. ನಿಲ್ಲಲಿಲ್ಲ. ಬೋರ್ಡು ಪೀ ಎಂದು ಒಂದೇ ಸಲ ಕೂಗಿತು. ಪರದೆಯ ಮೇಲೆ ಬಿಳಿ ಅಕ್ಷರಗಳು ಓಡಿದವು. ಹಳದಿ ತಂತಿಯಲ್ಲಿ 11.96, ಕೆಂಪಿನಲ್ಲಿ 5.02, ಕಿತ್ತಳೆಯಲ್ಲಿ 3.31. ನಾನು ಅಂಕಿ ಬರೆದುಕೊಳ್ಳುವಷ್ಟರಲ್ಲಿ ಅಪ್ಪ ಕುರ್ಚಿ ಎಳೆದುಕೊಂಡು ಕೂತು ಸಾಫ್ಟ್‌ವೇರ್ ತೆರೆದಿದ್ದ. ಬೀಗ ಸಿಕ್ಕಿತು ಎಂದು ಅದು ಹೇಳಿತು. ಕೆಂಕೆರೆಯ ಒಬ್ಬರ ಗೃಹಪ್ರವೇಶದ ಕಾರ್ಡು ಶುಕ್ರವಾರದಿಂದ ಅರ್ಧಕ್ಕೆ ನಿಂತಿತ್ತು. ಅವರ ಚೀಟಿಯನ್ನು ಪರದೆಯ ಅಂಚಿಗೆ ಸಿಕ್ಕಿಸಿ, ನಮ್ಮ ಮೂವರ ಕಡೆ ತಿರುಗಿ ಕೂತು, "ಟೀ ಹೇಳಣ ಇರಿ" ಎನ್ನುತ್ತಲೇ ಅಪ್ಪ ಟೈಪ್ ಮಾಡತೊಡಗಿದ. 'ನೂತನವಾಗಿ ನಿರ್ಮಿಸಿರುವ' ಎಂದು ಪರದೆಯ ಮೇಲೆ ಬರುತ್ತಿತ್ತು, ಅರ್ಕಾವತ್ತು ತನ್ನ ಜಾಗದಲ್ಲಿ ಕೂರುತ್ತಿತ್ತು. ಅಪ್ಪ ನೋಡುತ್ತಿದ್ದದ್ದು ಟೀ ಅಂಗಡಿಯ ಕಡೆ.

ಹನ್ನೆರಡೂವರೆಗೆ ಮೊಬೈಲ್ ಕವರಿನಾತ ಬಂದ. ಅಳತೆಯ ಟೇಪ್ ಕೂಡ ತಂದಿದ್ದ.

"ಅಣ್ಣಾ, ಏನ್ ಮಾಡಿದ್ರಿ?"

"ಇಲ್ಲ ಕಣಪ್ಪ. ಬುಡೋ ಹಂಗಿಲ್ಲ. ಕಾರ್ಡು ಕೆಲ್ಸ ಬಿದ್ದೈತೆ."

"ಕಂಪ್ಯೂಟ್ರು ಕೆಟ್ಟೋಗಿದೆ ಅಂದಿದ್ರಿ?"

"ಕಂಪ್ಯೂಟ್ರಲ್ಲ ಕೆಟ್ಟಿದ್ದು. ಅದಕ್ಕೆ ಅನ್ನ ಹಾಕೋ ಡಬ್ಬಿ. ಅನ್ನ ಸರ್ಯಾಗಿ ಹಾಕ್ದಿದ್ರೆ ಯಾವನು ಎದ್ದು ಗೇಯ್ತಾನೆ, ನೀನೇ ಹೇಳು?"

ಆತ ನನ್ನ ಮೀಟರನ್ನೂ ಗುಂಡುಸೂಜಿಗಳನ್ನೂ ನೋಡಿ, ಏನೂ ತಿಳಿಯದೆ, ಕೊಟ್ಟ ಟೀ ಕುಡಿದು ಹೋದ. ಈಗ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಹಾಕಿದ್ದಾನೆ. ನನ್ನ ಫೋನಿನ ಕವರ್ ಅವನ ಹತ್ತಿರವೇ ತಗೊಂಡದ್ದು.

ಅದೇ ವಾರ ಹೊಸ ಎಸ್‌ಎಂಪಿಎಸ್ ಹಾಕಿಸಿ ಭಾಯ್ ಅವರದನ್ನು ಹಿಂದಿರುಗಿಸಿದೆವು. ಹಳೆಯದನ್ನು ನಾನು ಇಟ್ಟುಕೊಂಡೆ. ಅಪ್ಪನ ಬಿಸಿಲಿಗೆ ಒಂದು ನ್ಯಾಯವಾದ ಪರೀಕ್ಷೆ ಆಗಬೇಕಿತ್ತು. ನೇರಳೆ ತಂತಿಗೆ ಬೋರ್ಡು ಎಳೆಯುವಷ್ಟೇ ಕರೆಂಟ್ ಎಳೆಯುವಂತೆ ಒಂದು ರೆಸಿಸ್ಟರ್ ಕಟ್ಟಿ, ಬೆಳಿಗ್ಗೆಯ ಚಳಿಯಲ್ಲಿ ಅಳೆದೆ: 4.3. ಆಮೇಲೆ ವೈರ್ ಕಿತ್ತು ಕಟ್ಟೆಯ ಬಿಸಿಲಿನಲ್ಲಿ ತಗಡು ಕೈಗೆ ಚುರುಕ್ಕೆನ್ನುವವರೆಗೆ ಇಟ್ಟು, ಒಳಗೆ ತಂದು ಮತ್ತೆ ಅಳೆದೆ: 4.7. ಒಳಗಿರುವ ಕೆಪಾಸಿಟರುಗಳು ಹಳತಾದಾಗ ಚಳಿಯಲ್ಲಿ ಮರಗಟ್ಟುತ್ತವೆ, ಬೆಚ್ಚಗಾದರೆ ಸ್ವಲ್ಪ ಚೇತರಿಸಿಕೊಳ್ಳುತ್ತವೆ ಎಂದು ನಮ್ಮ ಪಾಠದಲ್ಲಿದೆ. ಇನ್ನೂ ಹಳತಾದರೆ ಬಿಸಿಲೂ ಸಾಲದು, ಆ ಶನಿವಾರ ಆದದ್ದು ಅದೇ ಎಂದು ನನ್ನ ತೀರ್ಮಾನ. ಅಪ್ಪ ಕಂಡದ್ದು ಸುಳ್ಳಾಗಿರಲಿಲ್ಲ. ಬಿಸಿಲು ನಿಜಕ್ಕೂ ಎಬ್ಬಿಸುತ್ತಿತ್ತು. ಅದಕ್ಕೇ ರೋಗ ಯಾರ ಕೈಗೂ ಸಿಗಲಿಲ್ಲ. ಎರಡು ಅಂಕಿಗಳನ್ನೂ ಓದಿ ಹೇಳಿದಾಗ ಅಪ್ಪ, "ನೋಡಿದ್ಯಾ, ನಾನೇನ್ ದಡ್ಡ ಅಲ್ಲ" ಎಂದು ಟೈಲರಿಗೆ ಕೇಳುವ ಹಾಗೆ ಹೇಳಿದ.

ಈಗ ಕಂಪ್ಯೂಟರ್ ದಿನವೂ ಬೆಳಿಗ್ಗೆ ಒಂದೇ ಒತ್ತಿಗೆ ಏಳುತ್ತದೆ. ತಿಂಗಳಿಗೊಮ್ಮೆ, ಅದು ನಡೆಯುತ್ತಿರುವಾಗಲೇ, ಬೋರ್ಡಿನ ಮೇಲೆಯೇ ವೋಲ್ಟೇಜ್ ನೋಡುತ್ತೇನೆ. ಹಳದಿ ಇದುವರೆಗೆ 11.9ಕ್ಕಿಂತ ಕೆಳಗೆ ಇಳಿದಿಲ್ಲ. ಆದರೆ ಹಳೆಯ ಎಸ್‌ಎಂಪಿಎಸ್ಸನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ತಂತಿಗಳನ್ನು ಹೋಲಿಸಿದಾಗ ನನಗೆ ಗೊತ್ತಾಗದ ಒಂದು ವಿಷಯ ಸಿಕ್ಕಿತು. ಹಳೆಯದರಲ್ಲಿ ಒಂದು ಬಿಳಿ ತಂತಿ ಇದೆ. ಅಳೆದರೆ ಮೈನಸ್ ಐದು ವೋಲ್ಟ್ ಬರುತ್ತದೆ. ಹೊಸದರಲ್ಲಿ ಆ ತೂತು ಖಾಲಿ. ಹಳೆಯ ಕಾಲದಲ್ಲಿ ಬೋರ್ಡಿಗೆ ಸಿಕ್ಕಿಸುತ್ತಿದ್ದ ಕೆಲವು ಎಲೆಕ್ಟ್ರಾನಿಕ್ ಕಾರ್ಡುಗಳಿಗೆ ಬೇಕಾಗಿತ್ತಂತೆ, ಈಗ ಯಾರಿಗೂ ಬೇಡವೆಂದು ಬಿಟ್ಟಿದ್ದಾರಂತೆ. ನಮ್ಮ ಬೋರ್ಡು ಅದಿಲ್ಲದೆಯೇ ನಡೆಯುತ್ತಿದೆ, ಬೀಗವನ್ನೂ ಗುರುತಿಸುತ್ತಿದೆ. ಭಾಯ್ ಅವರೂ ನಮ್ಮ ಕಾಲೇಜಿನ ಮೇಷ್ಟ್ರೂ ಏನೂ ಆಗುವುದಿಲ್ಲ ಎನ್ನುತ್ತಾರೆ. ನನಗೂ ಹಾಗೇ ಅನಿಸುತ್ತದೆ. ಆದರೆ ಅನಿಸುವುದು ಬೇರೆ, ಅಳೆದು ತಿಳಿಯುವುದು ಬೇರೆ. ಈ ಬೋರ್ಡು ಹೋದರೆ ಅಪ್ಪನ ಬೆರಳುಗಳಿಗೆ ಇನ್ನೊಂದು ಸಿಗುವುದಿಲ್ಲ.

ಅಗಲ ಪ್ರಿಂಟರ್ ಸಾಕೆಟ್ಟಿನ, ಬೀಗ ಹಾಕಿದ ಹಳೆಯ ಕನ್ನಡ ಸಾಫ್ಟ್‌ವೇರನ್ನು ಬಿಳಿ ತಂತಿಯಿಲ್ಲದ ಎಸ್‌ಎಂಪಿಎಸ್‌ನಲ್ಲಿ ವರ್ಷಗಟ್ಟಲೆ ನಡೆಸಿದವರು ಯಾರಾದರೂ ಇದ್ದರೆ, ಈ ಬರಹವನ್ನು ಅಚ್ಚು ಹಾಕಿದವರ ವಿಳಾಸಕ್ಕೆ ಒಂದು ಕಾಗದ ಬರೆಯಿರಿ. ಆ ಮೈನಸ್ ಐದು ಯಾರಿಗಾಗಿ ಇತ್ತು, ಅದಿಲ್ಲದೆ ಬೋರ್ಡಿನಲ್ಲಿ ನಿಧಾನವಾಗಿ ಕೆಡುವಂಥದ್ದು ಏನಾದರೂ ಇದೆಯೇ ತಿಳಿಸಿ. ಅಳೆದ ಅಂಕಿಗಳಿದ್ದರೆ ಅವನ್ನೂ ಬರೆಯಿರಿ. ಲೋಡ್ ಮೇಲೆ ಅಳೆದದ್ದೋ ಲೋಡ್ ಇಲ್ಲದ್ದೋ ಎಂಬುದನ್ನು ಮಾತ್ರ ಮರೆಯದೆ ಹೇಳಿ.